400 ರೂಪಾಯಿಯೊಳಗೆ ತಿಂಗಳಿಡೀ ಮನೆಯಲ್ಲಿ ತಾಜಾ ಹೂವು

ಪ್ರಶ್ನೆ: ನಾವು ಮೈಸೂರಿನಲ್ಲಿ ಬಾಡಿಗೆ ಮನೆಯೊಂದರ ಎರಡನೇ ಮಹಡಿಯಲ್ಲಿದ್ದೇವೆ. ದೇವರ ಪೂಜೆಯ ಹೂವನ್ನು ಬಿಟ್ಟು, ನಡುಮನೆಯ ಹೂದಾನಿಯಲ್ಲಿಯೂ ಸದಾ ತಾಜಾ ಹೂವಿರಬೇಕೆಂಬುದು ನನ್ನ ಬಹುಕಾಲದ ಆಸೆ. ಆದರೆ ಅದಕ್ಕೆಂದು ತಿಂಗಳಿಗೆ 400 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರೆ. ಅಂಗಡಿಯಿಂದ ತಂದ ಗುಲಾಬಿ ಎರಡೇ ದಿನಕ್ಕೆ ಕತ್ತು ಬಗ್ಗಿಸುತ್ತದೆ, ಜರ್ಬೆರಾ ಬುಡದಲ್ಲಿ ಕೊಳೆಯುತ್ತದೆ. ಯಾವ ಹೂವನ್ನು ಕೊಳ್ಳಬೇಕು, ಹೇಗೆ ಇಡಬೇಕು? ಫ್ರಿಜ್ಜಿನಲ್ಲಿಟ್ಟ ಮಲ್ಲಿಗೆ ಮಾಲೆ ಕಂದು ಬಣ್ಣಕ್ಕೆ ತಿರುಗುವುದೇಕೆ? ಬೆಳಗಿನ ಬಿಸಿಲು ಬೀಳುವ ಚಿಕ್ಕ ಬಾಲ್ಕನಿಯೊಂದಿದೆ, ಅದರಿಂದೇನಾದರೂ ಪ್ರಯೋಜನವಾದೀತೇ?
ಓದುಗರೊಬ್ಬರು, ಮೈಸೂರು

ಉತ್ತರ: ತಮ್ಮ ಆಸೆಗೆ 400 ರೂಪಾಯಿ ಸಾಲುತ್ತದೆ. ಆದರೆ ಹೂವಿನ ಬೆಲೆಯನ್ನು ಅಂಗಡಿಯಲ್ಲಿ ಕೊಟ್ಟ ಹಣದಿಂದ ಅಳೆಯುವುದನ್ನು ಬಿಟ್ಟು, ಅದು ಮನೆಯಲ್ಲಿ ಎಷ್ಟು ದಿನ ಬಾಳಿತು ಎಂಬುದರಿಂದ ಅಳೆಯಬೇಕು. ಒಂದು ಗುಲಾಬಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಅದು ಎರಡು ದಿನಕ್ಕೆ ಬಾಡಿದರೆ ದಿನಕ್ಕೆ 5 ರೂಪಾಯಿ ಬಿದ್ದಂತಾಯಿತು. 30 ರೂಪಾಯಿ ಕೊಟ್ಟು ತಂದ ಆಂಥೂರಿಯಂ ಹದಿನೈದು ದಿನ ಹಾಗೆಯೇ ನಿಂತರೆ ದಿನಕ್ಕೆ 2 ರೂಪಾಯಿ ಮಾತ್ರ. ಅಂಗಡಿಯಲ್ಲಿ ದುಬಾರಿ ಎನಿಸಿದ್ದು ಮನೆಯಲ್ಲಿ ಅಗ್ಗವಾಗುತ್ತದೆ. ಅದೇ ಗುಲಾಬಿಯನ್ನು ಎರಡು ದಿನದ ಬದಲು ಆರು ದಿನ ಉಳಿಸಿಕೊಳ್ಳಲು ಬಂದರೆ, ಹೆಚ್ಚು ಹಣ ಸುರಿಯದೆಯೇ ಮೂರು ಪಟ್ಟು ಹೂವನ್ನು ಕೊಂಡಂತೆ. ಆದ್ದರಿಂದ ಕೊಳ್ಳುವ ಮಾತಿಗಿಂತ ಮೊದಲು ಉಳಿಸಿಕೊಳ್ಳುವ ಮಾತನ್ನು ಹೇಳುತ್ತೇನೆ.

ಗುಲಾಬಿ ಕತ್ತು ಬಗ್ಗಿಸುವುದು ಮುಪ್ಪಿನಿಂದಲ್ಲ, ಬಾಯಾರಿಕೆಯಿಂದ. ದಂಟಿನೊಳಗೆ ಕೂದಲಿಗಿಂತ ಸಣ್ಣನೆಯ ನೀರಿನ ನಾಳಗಳಿರುತ್ತವೆ. ಗಿಡದಿಂದ ಕತ್ತರಿಸಿದ ಕೂಡಲೇ ಅವುಗಳ ತುದಿಯಲ್ಲಿ ಗಾಳಿ ಸೇರಿಕೊಂಡು ನೀರಿನ ದಾರಿಯನ್ನು ಕಟ್ಟಿಹಾಕುತ್ತದೆ. ಆಮೇಲೆ ಹೂದಾನಿಯ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದೇ ಬಾಯಿಯಲ್ಲಿ ಲೋಳೆಯಾಗಿ ಕೂತುಕೊಳ್ಳುತ್ತವೆ. ಪಾತ್ರೆಯ ತುಂಬ ನೀರಿದ್ದರೂ ಹೂವಿಗೆ ಒಂದು ಹನಿಯೂ ಏರುವುದಿಲ್ಲ, ಮೊಗ್ಗಿನ ಕೆಳಗಿನ ಎಳೆಯ ಭಾಗ ಬಲ ಕಳೆದುಕೊಂಡು ಬಾಗುತ್ತದೆ. ಹಾಗಾಗಿ ಹೂವು ಮನೆಗೆ ಬಂದ ತಕ್ಷಣ ಒಂದು ಬೋಗುಣಿಯಲ್ಲಿ ನೀರು ತುಂಬಿ, ದಂಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿಯೇ, ಎರಡು ಮೂರು ಸೆಂಟಿಮೀಟರಿನಷ್ಟನ್ನು ಓರೆಯಾಗಿ ಕತ್ತರಿಸಿರಿ. ಇದಕ್ಕೆ ಹರಿತವಾದ ಚಾಕು ಅಥವಾ ಬ್ಲೇಡು ಬೇಕು. ಮೊಂಡು ಕತ್ತರಿಯಿಂದ ನಾಳಗಳು ಜಜ್ಜಿಹೋಗುತ್ತವೆ. ದಂಟಿನ ತುದಿಯನ್ನು ಕಲ್ಲಿನಿಂದ ಜಜ್ಜಿದರೆ ಹೆಚ್ಚು ನೀರು ಹೀರುತ್ತದೆಂದು ಹೇಳುವವರಿದ್ದಾರೆ. ಅದರಿಂದ ಬ್ಯಾಕ್ಟೀರಿಯಾಕ್ಕೆ ಅನುಕೂಲವೇ ಹೊರತು ಹೂವಿಗಲ್ಲ. ಕತ್ತು ಬಾಗಿದ ಗುಲಾಬಿಯನ್ನು ಎಸೆಯಬೇಡಿ. ತುದಿಯನ್ನು ಹೀಗೆ ಮತ್ತೊಮ್ಮೆ ಕತ್ತರಿಸಿ, ಉದ್ದನೆಯ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಇಡೀ ಹೂವನ್ನು ಒಂದು ಗಂಟೆ ಮಲಗಿಸಿಟ್ಟರೆ, ತೀರ ಹಳೆಯದಲ್ಲದ ಗುಲಾಬಿ ಮತ್ತೆ ತಲೆಯೆತ್ತುವುದನ್ನು ತಾವೇ ಕಾಣಬಹುದು.

ಹೂದಾನಿಯನ್ನು ಊಟದ ತಟ್ಟೆಯಷ್ಟೇ ಚೊಕ್ಕಟವಾಗಿ, ಸೋಪು ಹಾಕಿ ಉಜ್ಜಿ ತೊಳೆಯಬೇಕು. ಒಳಗೋಡೆಯನ್ನು ಬೆರಳಿನಿಂದ ಸವರಿದಾಗ ಜಾರಿದರೆ ಲೋಳೆ ಇನ್ನೂ ಉಳಿದಿದೆಯೆಂದೇ ಅರ್ಥ. ನೀರಿನಲ್ಲಿ ಮುಳುಗುವ ಎಲೆಗಳೆಲ್ಲವನ್ನೂ ಕಿತ್ತುಹಾಕಿ, ಏಕೆಂದರೆ ಮೊದಲು ಕೊಳೆಯುವುದು ಅವೇ. ಅಂಗಡಿಯಲ್ಲಿ ಹೂವಿನ ಆಹಾರವೆಂದು ಮಾರುವ ಪುಡಿಯ ಪೊಟ್ಟಣದಲ್ಲಿರುವುದು ಮುಖ್ಯವಾಗಿ ಸಕ್ಕರೆ, ಹುಳಿ ಮತ್ತು ಕ್ರಿಮಿನಾಶಕ ಎಂಬ ಮೂರು ಅಂಶಗಳು. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ ಬೆರೆಸಿ ಕರಗಿಸಿದ ಮೇಲೆ, ಬಟ್ಟೆಗೆ ಬಳಸುವ ಪರಿಮಳವಿಲ್ಲದ ದ್ರವರೂಪದ ಬ್ಲೀಚನ್ನು ಕಾಲು ಟೀ ಚಮಚದಷ್ಟು ಹಾಕಿ. ಸಕ್ಕರೆ ಹೂವು ಅರಳಲು ಬೇಕಾದ ಶಕ್ತಿಯನ್ನು ಕೊಡುತ್ತದೆ, ಹುಳಿ ನೀರು ಮೇಲೇರುವುದನ್ನು ಸುಲಭವಾಗಿಸುತ್ತದೆ, ಬ್ಲೀಚು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ನಿಂಬೆರಸವನ್ನೂ ಬ್ಲೀಚನ್ನೂ ನೀರಿಲ್ಲದೆ ನೇರವಾಗಿ ಬೆರೆಸಲೇಬಾರದು, ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ. ಮನೆಯಲ್ಲಿ ಬ್ಲೀಚು ಇಲ್ಲದಿದ್ದರೆ ಸಕ್ಕರೆಯನ್ನೂ ಹಾಕಬೇಡಿ. ಬರಿಯ ಸಕ್ಕರೆ ನೀರು ಹೂವಿಗಿಂತ ಮೊದಲು ಬ್ಯಾಕ್ಟೀರಿಯಾದ ಆಹಾರವಾಗುತ್ತದೆ. ಅದರ ಬದಲು ದಿನ ಬಿಟ್ಟು ದಿನ ನೀರು ಬದಲಿಸಿ ತುದಿ ಕತ್ತರಿಸುವುದೇ ಮೇಲು. ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದನ್ನು ಹೂದಾನಿಗೆ ಬಳಸದಿರುವುದು ಒಳ್ಳೆಯದು.

ಬ್ಲೀಚು ಹಾಕಿದರೂ ಹಾಕದಿದ್ದರೂ ನೀರನ್ನು ವಾರಕ್ಕೆರಡು ಬಾರಿಯಾದರೂ ಬದಲಿಸಿ, ಪಾತ್ರೆಯ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನ ಪಾತ್ರೆಯ ಗೋಡೆಗೇ ಮೊಟ್ಟೆ ಅಂಟಿಸುತ್ತದೆ. ನೀರನ್ನು ಚೆಲ್ಲಿದ ಮಾತ್ರಕ್ಕೆ ಮೊಟ್ಟೆ ಹೋಗುವುದಿಲ್ಲ. ಮಳೆಗಾಲದಲ್ಲಂತೂ ಇದನ್ನು ಮರೆಯಬಾರದು.

ಹೂದಾನಿಯನ್ನು ಇಡುವ ಜಾಗವೂ ಅಷ್ಟೇ ಮುಖ್ಯ. ನಮ್ಮ ಮನೆಗಳಲ್ಲಿ ಹೂವಿನ ದೊಡ್ಡ ಶತ್ರುವೆಂದರೆ ತಲೆಯ ಮೇಲೆ ಸುತ್ತುವ ಫ್ಯಾನು. ದಂಟು ಮೇಲೇರಿಸುವುದಕ್ಕಿಂತ ಹೆಚ್ಚು ನೀರನ್ನು ಅದು ಎಸಳಿನಿಂದ ಒಣಗಿಸುತ್ತದೆ. ಆದ್ದರಿಂದ ಮೇಜು ಫ್ಯಾನಿನ ಕೆಳಗಿದ್ದರೆ ಹೂದಾನಿಯನ್ನು ಮೂಲೆಯ ಕಪಾಟಿನ ಮೇಲಕ್ಕೆ ಸರಿಸಿರಿ. ನೇರ ಬಿಸಿಲು, ಟಿವಿಯ ಹಿಂಬದಿ, ಒಲೆಯ ಹತ್ತಿರ ಬೇಡ. ಹಣ್ಣಿನ ಬುಟ್ಟಿಯ ಪಕ್ಕವಂತೂ ಬೇಡವೇ ಬೇಡ. ಮಾಗಿದ ಬಾಳೆಹಣ್ಣು, ಮಾವಿನಹಣ್ಣುಗಳು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ. ಕಾಯಿಯನ್ನು ಹಣ್ಣಾಗಿಸುವ ಅದೇ ಅನಿಲ ಹೂವನ್ನು ಬೇಗ ಮುದಿಯಾಗಿಸುತ್ತದೆ. ಕಾರ್ನೇಶನ್ ಮತ್ತು ಆರ್ಕಿಡ್ ಹೂವುಗಳು ಇದನ್ನು ಸ್ವಲ್ಪವೂ ತಾಳುವುದಿಲ್ಲ. ಜರ್ಬೆರಾದ ತೊಂದರೆಯೇ ಬೇರೆ. ಅದರ ದಂಟು ಮೃದು, ಮೇಲೆಲ್ಲ ಸಣ್ಣ ರೋಮ, ಒಳಗೆ ಪೊಳ್ಳು. ಹೂದಾನಿಯ ಕತ್ತಿನವರೆಗೆ ನೀರು ತುಂಬಿದರೆ ಅದು ಕೊಳೆಯಲೇಬೇಕು. ನಾಲ್ಕೈದು ಸೆಂಟಿಮೀಟರಿನಷ್ಟು ನೀರು ಸಾಕು, ಆದರೆ ಅದು ದಿನವೂ ಹೊಸದಾಗಿರಬೇಕು.

ಇನ್ನು ಕೊಳ್ಳುವ ವಿಷಯ. ತಮ್ಮ ಊರಿನಲ್ಲಿಯೇ ದೇವರಾಜ ಮಾರುಕಟ್ಟೆಯಿರುವುದರಿಂದ, ಬಡಾವಣೆಯ ಹೂಗುಚ್ಛದ ಅಂಗಡಿಗಿಂತ ಅಲ್ಲಿಗೆ ಬೆಳಿಗ್ಗೆ ಬೇಗ ಹೋಗುವುದು ಲಾಭ. ಗುಚ್ಛದ ಅಂಗಡಿಯಲ್ಲಿ ತಾವು ಹೂವಿನ ಜೊತೆಗೆ ಪ್ಲಾಸ್ಟಿಕ್ ಹಾಳೆಗೂ, ರಿಬ್ಬನ್ನಿಗೂ, ಕಟ್ಟಿದವರ ಕೂಲಿಗೂ ಹಣ ಕೊಡುತ್ತೀರಿ. ಮಾರುಕಟ್ಟೆಯಲ್ಲಿ ಹೂವಿಗೆ ಮಾತ್ರ. ಗುಲಾಬಿಯನ್ನು ನೋಡುವಾಗ ಮೊಗ್ಗಿನ ಬುಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲನೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಹೊಸದು, ಮೆತ್ತಗೆ ಒಳಸರಿದರೆ ಹಳೆಯದು. ಹೊರಗಿನ ಒಂದೆರಡು ಎಸಳಿಗೆ ಹಸಿರು ಗೆರೆಯೋ ತುಸು ಗಾಯವೋ ಇದ್ದರೆ ಹೆದರಬೇಕಾಗಿಲ್ಲ. ಅವು ಒಳಗಿನ ಎಸಳುಗಳಿಗೆ ಕಾವಲಾಗಿದ್ದವು, ಮನೆಯಲ್ಲಿ ಕಿತ್ತು ತೆಗೆದರಾಯಿತು. ಹೊರಗಿನ ಎಸಳುಗಳನ್ನೆಲ್ಲ ಆಗಲೇ ಕಿತ್ತು ಚೆಂದ ಮಾಡಿಟ್ಟ ಗುಲಾಬಿಯ ಬಗ್ಗೆಯೇ ಅನುಮಾನ ಪಡಬೇಕು. ಚಪ್ಪಟೆ ಜಾತಿಯ ಸೇವಂತಿಗೆಯ ನಡುಭಾಗ ಬಿಗಿಯಾಗಿ, ತುಸು ಹಸಿರಾಗಿದ್ದರೆ ಎಳೆಯದು; ಹಳದಿ ಪರಾಗ ಉದುರುತ್ತಿದ್ದರೆ ಅದರ ದಿನಗಳು ಮುಗಿಯುತ್ತ ಬಂದಿವೆ. ಯಾವುದೇ ಕಟ್ಟಾಗಲಿ, ಕೊನೆಗೊಮ್ಮೆ ತಲೆಕೆಳಗು ಮಾಡಿ ದಂಟಿನ ತುದಿಯನ್ನು ನೋಡಬೇಕು. ಕಂದು ಬಣ್ಣ, ಲೋಳೆ, ವಾಸನೆ ಇದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಹೂವಿನ ದರ ಪಂಚಾಂಗವನ್ನು ನೋಡಿಕೊಂಡು ಏರಿಳಿಯುತ್ತದೆ. ವರಮಹಾಲಕ್ಷ್ಮಿ ಹಬ್ಬ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿಗಳ ಹಿಂದಿನ ಎರಡು ಮೂರು ದಿನಗಳಲ್ಲಿ ಸೇವಂತಿಗೆ, ಕನಕಾಂಬರಗಳ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆ ವಾರಗಳಲ್ಲಿ ಹೂದಾನಿಗೆಂದು ಹೂವು ಕೊಳ್ಳದೆ ಹಣ ಉಳಿಸಿಕೊಳ್ಳಿ. ಮದುವೆಗಳು ಕಡಿಮೆಯಾಗುವ ಆಷಾಢ, ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿ ಅದೇ ಹೂವು ಇಳಿದ ದರಕ್ಕೆ ದೊರೆಯುತ್ತದೆ. ಆದರೆ ಮೈಸೂರಿನವರು ಆಷಾಢ ಶುಕ್ರವಾರಗಳನ್ನು ಮರೆಯುವಂತಿಲ್ಲ. ಚಾಮುಂಡಿ ಬೆಟ್ಟಕ್ಕೆ ಜನ ಹರಿದುಬರುವ ಆ ದಿನಗಳಲ್ಲಿ ಊರಿನೊಳಗೆ ಬೇಡಿಕೆ ಏರುತ್ತದೆ. ವರ್ಷವಿಡೀ ನೋಡಿದರೂ ಗುರುವಾರ ಸಂಜೆ ಮತ್ತು ಶುಕ್ರವಾರ ಬೆಳಿಗ್ಗೆ ಪೂಜೆಯ ಹೂವಿಗೆ ನೂಕುನುಗ್ಗಲು. ಆದ್ದರಿಂದ ಹೂದಾನಿಯ ಹೂವಿಗೆ ಬುಧವಾರದಂಥ ದಿನವನ್ನು ಗೊತ್ತು ಮಾಡಿಕೊಳ್ಳುವುದು ಜಾಣತನ. ಉದ್ದ ದಂಟಿನ ಕೆಂಪು ಗುಲಾಬಿಗೆ ಪಂಚಾಂಗದ ಜೊತೆಗೆ ಫೆಬ್ರವರಿ 14 ಕೂಡ ಹಬ್ಬವೇ. ಬೆಂಗಳೂರು, ಹೊಸೂರು ಸುತ್ತಿನ ಪಾಲಿಹೌಸುಗಳಲ್ಲಿ ಬೆಳೆದ ಗುಲಾಬಿಯ ದರ ಅದಕ್ಕೆ ಮುಂಚೆ ಏರಿ, ಆಮೇಲೆ ಇಳಿಯುತ್ತದೆ.

ಒಂದೇ ಒಂದು ಹೂವನ್ನು ಹೆಸರಿಸಿ ಎಂದರೆ ನಾನು ಸುಗಂಧರಾಜವನ್ನು ಹೇಳುತ್ತೇನೆ. ಬಿಡಿ ಹೂವಾಗಿ ಹಾರಕ್ಕೆ ಹೋಗುವುದು ಇದರ ಒಂಟಿ ಸುತ್ತಿನ ಜಾತಿ. ಹೂದಾನಿಗೆ ಬೇಕಾದದ್ದು ಕಡ್ಡಿಯ ಲೆಕ್ಕದಲ್ಲಿ ಮಾರುವ, ದಪ್ಪ ಮೊಗ್ಗಿನ ಸುತ್ತುದಳದ ಜಾತಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಸುವಾಸಿನಿ ಮತ್ತು ವೈಭವ್ ತಳಿಗಳು ಇಂಥವು. ಕೆಳಗಿನ ಎರಡು ಮೂರು ಹೂವು ಮಾತ್ರ ಅರಳಿ, ಮೇಲಿನ ಮೊಗ್ಗುಗಳೆಲ್ಲ ಮುಚ್ಚಿರುವ ಕಡ್ಡಿಗಳನ್ನು ಆರಿಸಿಕೊಳ್ಳಿ. ಹೂವು ಬುಡದಿಂದ ತುದಿಗೆ ದಿನಕ್ಕಿಷ್ಟರಂತೆ ಅರಳುತ್ತ ಹೋಗುತ್ತದೆ. ಕೆಳಗೆ ಬಾಡಿದ್ದನ್ನು ದಿನವೂ ಚಿವುಟಿ ತೆಗೆದು, ದಂಟಿನ ತುದಿಯನ್ನು ತುಸು ಕತ್ತರಿಸುತ್ತಿದ್ದರೆ ಮೇಲಿನ ಮೊಗ್ಗುಗಳಿಗೆ ನೀರು ಸಲ್ಲುತ್ತದೆ, ಹೂದಾನಿ ಸುಮಾರು ಒಂದು ವಾರ ತುಂಬಿಯೇ ಇರುತ್ತದೆ. ಕತ್ತಲಾದ ಮೇಲೆ ಇದರ ಪರಿಮಳ ಹೆಚ್ಚುವುದರಿಂದ ಮೂರು ಕಡ್ಡಿಗಳೇ ಒಂದು ಕೋಣೆಗೆ ಸಾಕು. ಮಲಗುವ ಕೋಣೆಯಲ್ಲಿ ಕೆಲವರಿಗೆ ತಲೆನೋವು ತರುವಷ್ಟು ಗಾಢವಾಗಿರುತ್ತದೆ. ಗ್ಲಾಡಿಯೋಲಸ್ ಸಹ ಹೀಗೆಯೇ ಕೆಳಗಿನಿಂದ ಮೇಲಕ್ಕೆ ಅರಳುವ ಹೂವು. ಬುಡದ ಮೊಗ್ಗು ಬಣ್ಣ ತೋರಿಸುತ್ತಿರುವಾಗಲೇ ಕೊಂಡು, ತರುವಾಗಲೂ ಇಡುವಾಗಲೂ ನೆಟ್ಟಗೆ ನಿಲ್ಲಿಸಬೇಕು, ಮಲಗಿಸಿದರೆ ತುದಿ ನೆಲಕ್ಕೆ ವಿರುದ್ಧವಾಗಿ ಮೇಲಕ್ಕೆ ಡೊಂಕಾಗುತ್ತದೆ.

ದಂಟಿನ ಸಮೇತ ಸಿಗುವ ಸೇವಂತಿಗೆ ಮಿತವ್ಯಯದ ದೃಷ್ಟಿಯಿಂದ ಬಹಳ ಒಳ್ಳೆಯದು. ನೀರು ಬದಲಿಸುತ್ತಿದ್ದರೆ ಹತ್ತು ದಿನ, ಕೆಲವೊಮ್ಮೆ ಎರಡು ವಾರವೂ ಬಾಳುತ್ತದೆ. ಹೂವಿಗಿಂತ ಮೊದಲು ಎಲೆ ಹಳದಿಯಾಗುತ್ತದೆ, ಎಲೆ ಕಿತ್ತರೆ ಹೂವು ಮತ್ತೆ ಹೊಸದರಂತೆ ಕಾಣುತ್ತದೆ. ಕೊಡಗು ಮತ್ತು ಮಲೆನಾಡಿನಲ್ಲಿ ನೆರಳಿನಡಿ ಬೆಳೆಯುವ ಆಂಥೂರಿಯಂ ಬಗ್ಗೆ ಆಗಲೇ ಹೇಳಿದೆ; ಅದನ್ನು ಮಾತ್ರ ಫ್ರಿಜ್ಜಿನಲ್ಲಿ ಇಡಬೇಡಿ, ತಂಪಿಗೆ ಕಪ್ಪಾಗುತ್ತದೆ. ತಾವರೆಯ ಮೊಗ್ಗು ನೋಡಲು ಆಸೆ ಹುಟ್ಟಿಸುತ್ತದೆಯಾದರೂ ಕೊಯ್ದ ಮೇಲೆ ಅದು ತಾನಾಗಿ ಚೆನ್ನಾಗಿ ಅರಳುವುದು ಅಪರೂಪ, ಎಸಳುಗಳನ್ನು ಕೈಯಿಂದ ಮಡಿಸಬೇಕಾಗುತ್ತದೆ; ಎರಡು ಮೂರು ದಿನದ ಸೊಗಸು ಅಷ್ಟೆ. ಹಬ್ಬಕ್ಕಿರಲಿ, ತಿಂಗಳ ಲೆಕ್ಕಕ್ಕೆ ಬೇಡ.

ಹೂದಾನಿ ತುಂಬಲು ಹೂವೇ ಬೇಕೆಂದಿಲ್ಲ ಎಂಬುದನ್ನೂ ಗಮನಿಸಿ. ಮನೆಯ ಮನಿಪ್ಲಾಂಟಿನ ಒಂದು ಬಳ್ಳಿ, ಕ್ರೋಟನ್ನಿನ ಎರಡು ಎಲೆ, ಕಾಮಕಸ್ತೂರಿಯ ತೆನೆ, ಹಬ್ಬದ ಕಾಲದಲ್ಲಿ ಮರುಗ ಅಥವಾ ದವನದ ಒಂದು ಕಟ್ಟು ಇದ್ದರೆ, ಐದು ಸೇವಂತಿಗೆಯ ಕಡೆ ಹನ್ನೆರಡು ಬೇಕೆನಿಸುವುದಿಲ್ಲ. ಹೂದಾನಿಯ ಬಾಯಿ ಅಗಲವಾದಷ್ಟೂ ಹೂವಿನ ಖರ್ಚು ಏರುತ್ತದೆ. ಕತ್ತು ಕಿರಿದಾದ ಗಾಜಿನ ಸೀಸೆಯಲ್ಲಿ ಮೂರು ಹೂವು ತುಂಬಿದಂತೆ ಕಾಣುತ್ತದೆ. ದಂಟು ಮುರಿದ ಹೂವು, ಪೂಜೆಗೆ ತಂದು ಮಿಕ್ಕ ಬಿಡಿ ಚೆಂಡುಹೂವು, ಬಟನ್ ಗುಲಾಬಿಗಳನ್ನು ಅಗಲವಾದ ಹಿತ್ತಾಳೆಯ ಉರುಳಿಯಲ್ಲೋ ಬೋಗುಣಿಯಲ್ಲೋ ನೀರು ಹಾಕಿ ತೇಲಿಬಿಡಬಹುದು. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಬಿಡಿ ಹೂವು ತೀರ ಅಗ್ಗಕ್ಕೆ ಸಿಗುವುದುಂಟು. ಮನೆಗೆ ಅತಿಥಿಗಳು ಬರುವ ಸಂಜೆಗೆ ಅದು ಸರಿ, ಮರುದಿನಕ್ಕೆ ನೆಚ್ಚಿಕೊಳ್ಳಬೇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಣಗಿಲೆಯ ಕೊಂಬೆಯನ್ನು ಹೂದಾನಿಗೆ ಹಾಕಬಾರದು, ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ.

ಮಲ್ಲಿಗೆ ಮಾಲೆ ಫ್ರಿಜ್ಜಿನಲ್ಲಿ ಕಂದಾಗುವುದಕ್ಕೆ ಮೂರು ಕಾರಣಗಳಿರಬಹುದು. ಎಸಳಿನ ಮೇಲೆ ನಿಂತ ನೀರಹನಿ, ಹೂವು ಅದುಮಿಹೋಗಿರುವುದು, ಮತ್ತು ಹಿಮಪೆಟ್ಟಿಗೆಯ ಹತ್ತಿರದ ಅತಿ ತಂಪು. ಹಗಲು ಮಾರುವವರು ಆಗಾಗ ನೀರು ಚಿಮುಕಿಸುವುದರಿಂದ ಮಾಲೆ ಮನೆಗೆ ಬರುವಾಗಲೇ ತೊಯ್ದಿರುತ್ತದೆ. ಮೊದಲು ಅದನ್ನು ಒಣ ಬಟ್ಟೆಯ ಮೇಲೆ ಹರಡಿ ತೇವ ಆರಿಸಿ. ಆಮೇಲೆ ಬಾಳೆಯೆಲೆಯಲ್ಲಿ, ಅದು ಸಿಗದಿದ್ದರೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ತೆಳು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಟ್ಟು ತರಕಾರಿಯ ಕೆಳಖಾನೆಯಲ್ಲಿ ಇಡಿ. ಆ ಖಾನೆಯಲ್ಲಿ ಮಾಗಿದ ಹಣ್ಣಿರಬಾರದು. ಬಿರಿದ ಮಲ್ಲಿಗೆಯನ್ನು ಉಳಿಸುವುದು ಕಷ್ಟ. ಬೆಳಗಿನ ಮೊಗ್ಗನ್ನೇ ಕೊಂಡರೆ ಅದು ಸಂಜೆ ಬಿರಿಯುತ್ತದೆ. ಕನಕಾಂಬರಕ್ಕೆ ಇಷ್ಟೆಲ್ಲ ಆರೈಕೆ ಬೇಡ, ಪರಿಮಳವಿಲ್ಲದಿದ್ದರೂ ಅದು ಬಣ್ಣಗೆಡದೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಬಾಲ್ಕನಿಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಹಿತವೆನಿಸಿದ್ದು. ಮೂರು ನಾಲ್ಕು ಗಂಟೆಯ ಎಳೆಬಿಸಿಲಿನಲ್ಲಿ ಎಲ್ಲ ಹೂವೂ ಬರುವುದಿಲ್ಲ. ಗುಲಾಬಿಯನ್ನೂ ಮೈಸೂರು ಮಲ್ಲಿಗೆಯನ್ನೂ ಬಯಸಿದರೆ ಐದಾರು ಗಂಟೆಯ ಬಿಸಿಲಾದರೂ ಬೇಕು, ಇಲ್ಲವಾದರೆ ಎಲೆ ಮಾತ್ರ ಬೆಳೆಯುತ್ತದೆ. ತಮ್ಮಲ್ಲಿ ಕನಕಾಂಬರ ನಿರಾಯಾಸವಾಗಿ ಬಂದೀತು. ಕಿತ್ತಳೆ ಬಣ್ಣದ, ದಟ್ಟವಾಗಿ ಹೂಬಿಡುವ ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಸಸಿ ಮಾಡಬೇಕು. ಆದ್ದರಿಂದ ನೆರೆಯವರ ಗಿಡದಿಂದ ಒಂದು ತುಂಡು ಕೇಳಿ ತಂದರೆ ಖರ್ಚೇ ಇಲ್ಲ. ಹಾಗೆಯೇ ಒಂದು ಕಾಕಡ, ಒಂದು ದಾಸವಾಳ, ಒಂದು ನಂದಿಬಟ್ಟಲು ಇಡಬಹುದು. ಮಲ್ಲಿಗೆಯ ಕಾಲ ಮುಗಿದು ಚಳಿಗಾಲದಲ್ಲಿ ಮೊಗ್ಗು ಸಿಗದಿರುವಾಗ ಕಾಕಡ ಕೈಹಿಡಿಯುತ್ತದೆ. ದಾಸವಾಳಕ್ಕೊಂದು ವಿಶೇಷವಿದೆ. ಸಾಮಾನ್ಯ ಜಾತಿಯ ಹೂವಿನ ಆಯುಸ್ಸು ಒಂದು ದಿನ, ಆದರೆ ಆ ಒಂದು ದಿನ ಅದು ನೀರಿಲ್ಲದೆಯೂ ಬಾಡುವುದಿಲ್ಲ. ಬೆಳಿಗ್ಗೆ ಕೊಯ್ದು ಬರಿಯ ತಟ್ಟೆಯ ಮೇಲಿಟ್ಟರೂ ಸಂಜೆಯವರೆಗೆ ಅರಳಿಯೇ ಇರುತ್ತದೆ.

ಸಸಿಗಳನ್ನು ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ರಸ್ತೆ ಬದಿಯ ಗಾಡಿಯಲ್ಲಿ ಹೂಬಿಟ್ಟ ಗಿಡವನ್ನು ನೋಡಿ ಮನಸೋಲಬೇಡಿ, ಅದರ ಬೇರು ಎಷ್ಟೋ ವೇಳೆ ಜೇಡಿಮಣ್ಣಿನ ಉಂಡೆಯೊಳಗೆ ಉಸಿರುಗಟ್ಟಿರುತ್ತದೆ. ಮಳೆಗಾಲದ ಆರಂಭ ನೆಡಲು ತಕ್ಕ ಕಾಲ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಅಥವಾ ತೆಂಗಿನ ನಾರಿನ ಪುಡಿ ಸಮಭಾಗ ಬೆರೆಸಿ, ಕುಂಡದ ತಳದ ತೂತನ್ನು ಹೆಂಚಿನ ಚೂರಿನಿಂದ ಮುಚ್ಚಿ ತುಂಬಿ. ಮುಂದೆ ಹೆಚ್ಚು ಬಿಸಿಲಿರುವ ಮನೆಗೆ ಹೋಗಿ ಮಲ್ಲಿಗೆಯನ್ನೂ ಬೆಳೆಸುವಂತಾದರೆ, ಡಿಸೆಂಬರ್ ಜನವರಿಯಲ್ಲಿ ಅದನ್ನು ಮರುಕವಿಲ್ಲದೆ ಅರ್ಧಕ್ಕೆ ಸವರಬೇಕು. ಮಲ್ಲಿಗೆ ಹೂಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಮಾರ್ಚಿನಿಂದ ಬರುವ ಮೊಗ್ಗೆಲ್ಲ ಆ ಸವರುವಿಕೆಯ ಫಲ. ಹೂದಾನಿಯಲ್ಲಿ ಬಾಡಿದ ಹೂವನ್ನೂ ದೇವರ ನಿರ್ಮಾಲ್ಯವನ್ನೂ ದಾರ ಬಿಚ್ಚಿ, ತೂತುಗಳುಳ್ಳ ಹಳೆಯ ಬಕೆಟ್ಟಿನಲ್ಲಿ ಒಣ ಎಲೆಯೊಂದಿಗೆ ಪದರ ಪದರವಾಗಿ ಹಾಕಿ ಮೇಲೆ ಒಂದು ಹಿಡಿ ಮಣ್ಣು ಉದುರಿಸುತ್ತ ಬನ್ನಿ. ಎರಡು ಮೂರು ತಿಂಗಳಲ್ಲಿ ಅದು ಕಪ್ಪಗೆ ಪುಡಿಪುಡಿಯಾಗುತ್ತದೆ. ತಿಂಗಳಿಗೊಮ್ಮೆ ಕುಂಡಕ್ಕೆ ಎರಡು ಹಿಡಿಯಂತೆ ಬುಡದಿಂದ ತುಸು ದೂರದಲ್ಲಿ ಹಾಕಿ, ಮಣ್ಣು ಕೆದಕಿ ನೀರು ಕೊಡಿ.